ಪ್ರತಿ ಮನೆಯಲ್ಲೂ ನೀರು ಕೇಳುವ ಅಕ್ಕ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಾನು ಯಾರ ಮೇಲಾದರೂ ಹಾರಾಡಿದರೆ ನೀವು ಗಾಬರಿ ಬೀಳಬಾರದು. ನನ್ನದು ಡ್ರೈವರ್ ಕೆಲಸ. ಕಷ್ಟದಲ್ಲಿರುವ ಮನೆಗಳಿಗೆ ಹೋಗಿ ವಿಚಾರಿಸಿ ದಾರಿ ಮಾಡಿಕೊಡುವ ಒಂದು ಕಚೇರಿಯ ವ್ಯಾನ್ ಓಡಿಸುತ್ತೇನೆ. ಕಚೇರಿ ಎಂದರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ, ಕಡಿದಾದ ಮೆಟ್ಟಿಲು, ಕಾಲು ಅಲ್ಲಾಡುವ ಒಂದು ಬೆಂಚು. ಆ ಬೆಂಚಿನ ಮೇಲೆ ದಿನವೂ ಯಾರಾದರೂ ಕೂತಿರುತ್ತಾರೆ. ಅವರನ್ನು ಒಳಗೆ ಕರೆದು ಕೂರಿಸುವವರು ನಮ್ಮ ಅಕ್ಕ.

ಅಕ್ಕ ನನ್ನ ಒಡಹುಟ್ಟಿದವರೇನಲ್ಲ, ಇಡೀ ಕಚೇರಿಗೇ ಅಕ್ಕ. ಸಮಾಜ ಕಾರ್ಯಕರ್ತೆಯಾಗಿ ಇಪ್ಪತ್ತು ವರ್ಷ ದಾಟಿದೆ, ಮಂಡಿ ಎರಡೂ ಸವೆದಿವೆ, ಬಾಯಿ ಮಾತ್ರ ಸವೆದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆಗಿನ ಸಾಹೇಬರು ಅವರನ್ನು ಒಂದು ಮನೆಯ ಬಾಗಿಲ ತನಕ ಕರೆದುಕೊಂಡು ಹೋಗಿ, "ಒಳಗೆ ಹೋಗಿ ನೋಡ್ಕೊಂಡು ಬಾಮ್ಮ" ಎಂದು ಹೇಳಿ ಹೊರಟೇಬಿಟ್ಟರಂತೆ. ಒಳಗೆ ಗಂಡ ಹೆಂಡತಿ ಪಾತ್ರೆ ಎಸೆದಾಡುತ್ತಿದ್ದರು. ಏನು ನೋಡಬೇಕು, ಏನು ಕೇಳಬೇಕು, ಒಬ್ಬರೂ ಹೇಳಿಕೊಟ್ಟಿರಲಿಲ್ಲ.

"ಈಜು ಬರದವಳನ್ನ ಬಾವಿಗೆ ತಳ್ಳಿದ ಹಾಗೆ ತಳ್ಳಿದ್ರು. ಹೇಗೋ ಕೈಕಾಲು ಬಡಿದು ಮೇಲೆ ಬಂದೆ" ಎಂದು ಅಕ್ಕ ಎಷ್ಟೋ ಸಲ ಹೇಳಿದ್ದಾರೆ. "ನನ್ನ ಹಿಂದೆ ಬರೋರಿಗೆ ಹಾಗಾಗಬಾರದು."

ಅದಕ್ಕೇ, ಹೊಸಬರಿಗೆ ಕೆಲಸದ ಜಾಗದಲ್ಲೇ ಕಲಿಸಿ, ಅವರು ತಯಾರಾಗಿದ್ದಾರೋ ಇಲ್ಲವೋ ಎಂದು ಅಳೆದು ಹೇಳುವ ಗುರುಗಳು ಬೇಕಾಗಿದ್ದಾರೆ, ಅನುಭವಿಗಳಿಗೆ ತರಬೇತಿ ಕೊಡುತ್ತೇವೆ ಎಂಬ ಸುದ್ದಿ ಬಂದದ್ದೇ ತಡ, ಅಕ್ಕ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಅವರ ಮನೆಯವರು ಮುದ್ರಣಾಲಯದಲ್ಲಿ ತಪ್ಪು ತಿದ್ದುವ ಕೆಲಸದವರು, ಮನೆಯಲ್ಲೂ ಅದೇ ಅಭ್ಯಾಸ. "ಕಲಿಸೋಕೆ ಹೋಗ್ತಿದೀಯೋ, ಕಲಿಯೋಕೋ?" ಎಂದು ಕೆಣಕಿದರು. "ಕಲಿಸೋದನ್ನ ಕಲಿಯೋಕೆ. ನಗಬೇಡಿ, ಬುತ್ತಿ ಕಟ್ಟಿಕೊಡಿ" ಎಂದರು ಅಕ್ಕ.

ತರಬೇತಿಯ ಮೊದಲ ದಿನ ವ್ಯಾನ್ ಒಳಗೆ ಧಗೆ ತಡೆಯಲಾರದೆ ನಾನೂ ಹೋಗಿ ಆ ಹಾಲಿನ ಹಿಂದಿನ ಕುರ್ಚಿಯಲ್ಲಿ ಕೂತೆ. ಸುತ್ತ ಕುರ್ಚಿ ಹಾಕಿಕೊಂಡು ಕೂತವರೆಲ್ಲ ಪಳಗಿದ ಕೈಗಳು. ಆಸ್ಪತ್ರೆಯವರು, ಜೈಲಿನವರು, ಅನಾಥ ಮಕ್ಕಳ ಮನೆಯವರು. ನಮಗೇನು ಹೇಳಿಕೊಡುತ್ತಾರೆ ಎಂಬ ಬಿಗುಮಾನ ಒಬ್ಬೊಬ್ಬರ ಮುಖದಲ್ಲೂ ಇತ್ತು. ಕಲಿಸುವ ಮೇಡಂ ಸಣ್ಣಗೆ, ಬೆಳ್ಳಗೆ, ಮೆಲುದನಿಯವರು. ಬಾಯಿ ತೆರೆದರೆ ಬರೀ ಪ್ರಶ್ನೆ! ಊಟ ಆಯ್ತಾ ಎಂದು ಕೇಳಿದರೆ "ಊಟ ಅಂದ್ರೆ ನೀವು ಏನನ್ನ ಅಂತೀರಿ?" ಎನ್ನುವ ಜಾತಿ. ಅವತ್ತೇ ಅವರಿಗೆ ಪ್ರಶ್ನೆ ಮೇಡಂ ಎಂದು ಹೆಸರಿಟ್ಟೆ.

ಪ್ರಶ್ನೆ ಮೇಡಂ ಒಂದು ಆಟ ಆಡಿಸಿದರು. ಇಬ್ಬಿಬ್ಬರ ಜೋಡಿ. ಒಬ್ಬರು ಶೂ ಲೇಸ್ ಕಟ್ಟುವುದನ್ನು ಬಾಯಲ್ಲಿ ಹೇಳಿಕೊಡಬೇಕು, ಇನ್ನೊಬ್ಬರು ಹೇಳಿದಷ್ಟನ್ನೇ ಮಾಡಬೇಕು. ಹೇಳುವವರು ಕೈ ಹಚ್ಚಬಾರದು. ಅಯ್ಯೋ, ಆ ಗಲಾಟೆ ನೋಡಬೇಕಿತ್ತು! ಅಕ್ಕನ ಜೋಡಿ ಜೈಲಿನ ಕಡೆಯ ಒಬ್ಬ ದಪ್ಪ ಮೀಸೆಯವರು. "ಈ ಕಡೆ ತಗೊಳ್ಳಿ, ಅಲ್ಲ, ಆ ಕಡೆ, ಅಯ್ಯೋ ಅದಲ್ಲ, ಕೊಡಿ ಇಲ್ಲಿ!" ಎಂದು ಅಕ್ಕ ಬಗ್ಗಿ ಲೇಸ್ ಕಿತ್ತುಕೊಂಡು ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಿ ಮುಗಿಸಿದರು. ಮೀಸೆಯವರ ಶೂ ಕಟ್ಟಿಯಾಗಿತ್ತು. ಮೀಸೆಯವರು ಕಲಿತಿರಲಿಲ್ಲ. ನಾನು ಹಿಂದೆ ಕೂತು ಬಿದ್ದು ಬಿದ್ದು ನಕ್ಕೆ. ಅಕ್ಕ ಮನೆ ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಅಕ್ಕನ ಕೈಕೆಳಗೆ ಕಲಿಯಲು ಒಬ್ಬನನ್ನು ಕಳಿಸಿದರು. ಯಾರೋ ಚಿಕ್ಕ ಹುಡುಗಿ ಬರುತ್ತಾಳೆ ಎಂದುಕೊಂಡರೆ ಬಂದವನು ನನ್ನ ವಯಸ್ಸಿನ ಗಂಡಸು. ಅರ್ಧ ಆಯುಷ್ಯ ಬಸ್ ಕಂಡಕ್ಟರ್ ಆಗಿದ್ದು, ಸಂಜೆ ಕಾಲೇಜಿನಲ್ಲಿ ಓದಿ, ಈ ಕೆಲಸವೇ ಬೇಕೆಂದು ಹಟ ಹಿಡಿದು ಬಂದವನು. ಹೆಗಲಲ್ಲಿ ಅದೇ ಹಳೇ ಟಿಕೆಟ್ ಚೀಲ. ವ್ಯಾನ್ ಹತ್ತಿದ ಕೂಡಲೇ ತಗಡಿಗೆ ಎರಡು ಬಡಿದು "ರೈಟ್!" ಅಂದ. ನನಗೆ ಮೈಯೆಲ್ಲ ಉರಿಯಿತು.

"ರೀ ಕಂಡಕ್ಟರೇ, ಇದು ನಿಮ್ಮ ಬಸ್ಸಲ್ಲ."

"ತಪ್ಪಾಯ್ತು ಡ್ರೈವರಣ್ಣ. ಕೈ ಕೇಳಲ್ಲ."

ಬಸ್ಸಿನ ಮಾತು ಹೇಳುವಾಗ ಅವನ ದನಿ ಎರಡು ಬೀದಿಗೆ ಕೇಳುತ್ತಿತ್ತು. ಯಾರದಾದರೂ ಮನೆಯೊಳಗೆ ಕಾಲಿಟ್ಟರೆ ಮಾತ್ರ ನಾಲಿಗೆ ಒಳಗೇ ಮಡಚಿಕೊಳ್ಳುತ್ತಿತ್ತು. ಅವನು ಒಂದು ಮಾತು ಹುಡುಕುವಷ್ಟರಲ್ಲಿ ಅಕ್ಕ ಹತ್ತು ಆಡಿ ಮುಗಿಸಿರುತ್ತಿದ್ದರು. ಅಕ್ಕ ಹೇಗೆ ಕಲಿಸುತ್ತಾರೆ ಎಂದು ಪ್ರಶ್ನೆ ಮೇಡಂ ಎರಡು ಸಲ ಬಂದು ನೋಡಿ ಪರೀಕ್ಷಿಸುವವರಿದ್ದರು. ಮೊದಲ ಸಲವೂ ಅದೇ ಆಯಿತು. ಕಂಡಕ್ಟರ್ ನಡೆಸಬೇಕಾದ ಭೇಟಿ, ಮೊದಲಿಂದ ಕೊನೆಯ ತನಕ ನಡೆಸಿದವರು ಅಕ್ಕ. ಕೆಲಸವೇನೋ ಹೂ ಎತ್ತಿದ ಹಾಗೆ ಆಯಿತು. ವ್ಯಾನ್‌ಗೆ ಬಂದ ಮೇಲೆ ಮೇಡಂ ಕೇಳಿದರು, "ಇವತ್ತು ಇಲ್ಲಿ ಕಲಿತೋರು ಯಾರು?"

ಮೊದಲ ಪರೀಕ್ಷೆ ಕೈತಪ್ಪಿತು. ಅಕ್ಕನ ಕೈಯಲ್ಲಿ ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಅಕ್ಕ ಗುರುವಾಗುವ ಆಸೆ ಅಲ್ಲಿಗೇ ಬಿಡಬೇಕು. ಕಂಡಕ್ಟರ್ ನಮ್ಮಲ್ಲಿ ಕಳೆದ ದಿನಗಳೂ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ವರ್ಷ ಬೇರೆ ಊರಿನಲ್ಲಿ ಬೇರೆಯವರ ಕೈಕೆಳಗೆ ಮೊದಲಿಂದ ಶುರು ಮಾಡಬೇಕು.

ಅದರ ಮಧ್ಯೆ ಬಂತು ನೋಡಿ ಬೀಗದವನ ವಿಷಯ. ಬೀಗ ರಿಪೇರಿ ಮಾಡಿ, ನಕಲಿ ಕೀಲಿ ಕೊರೆದು ಕೊಡುವವನು. ತಾಯಿಗೆ ಮರೆವಿನ ಕಾಯಿಲೆ. ಕೆಲಸಕ್ಕೆ ಹೊರಗೆ ಹೋಗುವಾಗಲೆಲ್ಲ ತಾಯಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ, ಏನಾದರೂ ಬೆಂಕಿಗಿಂಕಿ ಹತ್ತಿದರೆ ಗತಿ ಏನು ಎಂದು ಎದುರು ಮನೆಯ ನಿವೃತ್ತ ಟೀಚರ್ ದೂರು ಕೊಟ್ಟಿದ್ದರು. ಓಣಿ ಎಷ್ಟು ಇಕ್ಕಟ್ಟೆಂದರೆ ವ್ಯಾನನ್ನು ಅವನ ಹೊಸ್ತಿಲಿಗೇ ತಾಗಿಸಿ ನಿಲ್ಲಿಸಬೇಕು. ಸ್ಟೇರಿಂಗ್ ಹಿಂದೆ ಕೂತರೆ ಒಳಗಿನದೆಲ್ಲ ಕಾಣುತ್ತಿತ್ತು. ಮುಂದಿನ ಕೋಣೆಯಲ್ಲಿ ಕೀಲಿ ಕೊರೆಯುವ ಯಂತ್ರ, ಗೋಡೆ ತುಂಬ ನೇತಾಡುವ ಕೀಲಿಗಳು, ಮೂಲೆಯ ಮಂಚದ ಮೇಲೆ ಆ ತಾಯಿ. ಹಿಂದೆ ಅಡುಗೆಮನೆ.

ಅಕ್ಕ ಕೂತರು. ಬೀಗದವ ಮುಖ ಗಂಟು ಹಾಕಿ ನಿಂತಿದ್ದ. ಅಕ್ಕ ಯಾವ ಮನೆಗೆ ಹೋದರೂ ಕೇಳುವ ಹಾಗೆ ಕೇಳಿದರು, "ಒಂದು ಲೋಟ ನೀರು ಕೊಡ್ತೀರಾ?"

ಅವನ ಮುಖದ ಗಂಟು ಒಂಚೂರು ಸಡಿಲವಾಯಿತು, ಒಳಗೆ ತಿರುಗಿದ. ಅಷ್ಟರಲ್ಲಿ ನಮ್ಮ ಕಂಡಕ್ಟರ್ ಟಿಕೆಟ್ ಚೀಲದಿಂದ ಸರಕ್ಕನೆ ಒಂದು ನೀರಿನ ಬಾಟ್ಲಿ ತೆಗೆದು, "ತಗೊಳ್ಳಿ ಅಕ್ಕಾ, ನಾನು ತಂದಿದೀನಿ" ಎಂದುಬಿಟ್ಟ!

ಬೀಗದವ ಅಲ್ಲೇ ನಿಂತ. "ನೀರು ನಿಮ್ಹತ್ರಾನೇ ಇದೆಯಲ್ಲ. ಇನ್ನೇನು? ಹೊರಡಿ" ಅಂದ. ಮುಗಿಯಿತು ಕಥೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವ್ಯಾನ್‌ನಲ್ಲಿ ಅಕ್ಕನಿಗಿಂತ ಮೊದಲು ನಾನೇ ಸಿಡಿದೆ. "ಏನ್ರೀ, ಬುದ್ಧಿ ಎಲ್ಲಿಟ್ಟು ಬಂದಿದ್ರಿ? ನಿಮ್ಮ ಬಾಟ್ಲಿ ಯಾರು ಕೇಳಿದ್ರು?"

ಪಾಪ, ಕಂಡಕ್ಟರ್ ಮುಖ ಸಣ್ಣದಾಗಿತ್ತು. "ಅಲ್ಲಾ ಡ್ರೈವರಣ್ಣ, ಅಕ್ಕ ಹೋದ ಹೋದ ಮನೇಲೆಲ್ಲ ನೀರು ಕೇಳ್ತಾರೆ. ಸಕ್ಕರೆ ಕಾಯಿಲೆ ಇರಬೇಕು, ಬಾಯಿ ಒಣಗ್ತಿರಬೇಕು ಅಂದ್ಕೊಂಡೆ. ನಮ್ಮಮ್ಮನಿಗೂ ಹಾಗೇ ಆಗ್ತಿತ್ತು. ಅದಕ್ಕೆ ಬೆಳಿಗ್ಗೆ ಕುದಿಸಿ ಆರಿಸಿ ತಂದೆ."

ಅಕ್ಕ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗುತ್ತ ನಗುತ್ತ ಇದ್ದಕ್ಕಿದ್ದ ಹಾಗೆ ನಿಲ್ಲಿಸಿ, "ಗಾಡಿ ಪಕ್ಕಕ್ಕೆ ಹಾಕು" ಅಂದರು. ಹಾಕಿದೆ.

"ತಪ್ಪು ನಿಮ್ಮದಲ್ಲ ಕಂಡಕ್ಟರೇ. ನಾನು ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದ್ನಾ? ನೋಡಿ, ಬಾಗಿಲಿಗೆ ಬಂದೋರು ನಾವು. ಏನೋ ಕಿತ್ಕೊಳ್ಳೋಕೆ ಬಂದಿದಾರೆ ಅಂತ ಅವರಿಗೆ ಭಯ. ನೀರು ಕೇಳಿದ್ರೆ ಕೊಡೋ ಕೈ ಅವರದಾಗತ್ತೆ, ತಗೊಳ್ಳೋ ಕೈ ನಮ್ಮದು. ಅಲ್ಲಿಂದ ಮಾತು ಸಲೀಸು." ಹೇಳುತ್ತ ಹೇಳುತ್ತ ಅವರ ದನಿಯೇ ಏರಿತು. "ಅಯ್ಯೋ ದೇವರೇ, ಇದನ್ನ ನಾನೇ ಇವತ್ತು ಮೊದಲ ಸಲ ಕೇಳ್ತಿದೀನಿ! ಇಷ್ಟು ವರ್ಷ ಕೈ ಮಾಡ್ತಿತ್ತು, ತಲೆಗೆ ಗೊತ್ತೇ ಇರಲಿಲ್ಲ!"

ಅವತ್ತಿನಿಂದ ಅಕ್ಕನನ್ನು ಹಿಡಿಯುವವರೇ ಇಲ್ಲ. ವ್ಯಾನ್ ಪಾಠಶಾಲೆಯಾಯಿತು. ತಾನು ಯಾಕೆ ಎತ್ತರದ ಕುರ್ಚಿಯಲ್ಲಿ ಕೂರುವುದಿಲ್ಲ, ಗೋಡೆಯ ಮೇಲಿನ ಫೋಟೋ ಬಗ್ಗೆ ಯಾಕೆ ಕೊನೆಗೆ ಕೇಳುತ್ತೇನೆ, ಹೊರಡುವಾಗ ಬಾಗಿಲಲ್ಲಿ ಯಾಕೆ ನಿಧಾನ ಮಾಡುತ್ತೇನೆ, ಎಲ್ಲಕ್ಕೂ ಕಾರಣ ಹುಡುಕಿ ತೆಗೆಯುವುದು, ಸಿಕ್ಕ ಕೂಡಲೇ ನನ್ನ ಹೆಗಲಿಗೆ ಗುದ್ದುವುದು. ಕಂಡಕ್ಟರ್ ಕೇಳಿದ್ದಕ್ಕೆಲ್ಲ "ನಿಮಗೇನನ್ನಿಸ್ತು ಮೊದಲು ಹೇಳಿ" ಎಂದು ತಾನೂ ಪ್ರಶ್ನೆ ಮೇಡಂ ಆಗಿಬಿಟ್ಟರು. ಮನೆಗೆ ಹೋಗಿ ಗಂಡನಿಗೂ ನೀರಿನ ಗುಟ್ಟು ಹೇಳಿದರಂತೆ. "ಹೌದಾ? ಮನೇಲೂ ಕೂತಲ್ಲಿಂದಾನೇ ನೀರು ಕೇಳ್ತೀಯಲ್ಲ, ಅದು ಸೋಮಾರಿತನ ಅಂದ್ಕೊಂಡಿದ್ದೆ" ಎಂದರಂತೆ ಆ ಪುಣ್ಯಾತ್ಮ. "ಅದು ಸೋಮಾರಿತನಾನೇ" ಎಂದರಂತೆ ಅಕ್ಕ.

ಎರಡನೆಯ ಪರೀಕ್ಷೆಗೆ ಅಕ್ಕ ಆರಿಸಿದ್ದು ಯಾವ ಮನೆ ಗೊತ್ತಾ? ಅದೇ ಬೀಗದವನ ಮನೆ! ನನಗೆ ತಲೆ ಕೆಟ್ಟುಹೋಯಿತು. ಹೊರಗೆ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ ಎಂದೆ. "ಕೆಟ್ಟಿದ್ದು ಎಲ್ಲೋ ಅಲ್ಲೇ ಸರಿಮಾಡಬೇಕಪ್ಪ" ಎಂದರು. ಅವತ್ತು ಬೆಳಿಗ್ಗೆ ಅಕ್ಕ ಎಂದಿಗಿಂತ ಮೊದಲೇ ಬಂದು ವ್ಯಾನ್ ಹತ್ತಿದರು. ಹಿಂದಿನ ಸೀಟಿನಲ್ಲಿ ಪ್ರಶ್ನೆ ಮೇಡಂ, ಪಕ್ಕದಲ್ಲಿ ಟಿಕೆಟ್ ಚೀಲ ತಬ್ಬಿಕೊಂಡ ಕಂಡಕ್ಟರ್. ಆ ಚೀಲದಿಂದ ಬಾಟ್ಲಿಯ ಮುಚ್ಚಳ ಇಣುಕುತ್ತಿತ್ತು! ಇವನು ಉದ್ಧಾರ ಆಗುವುದಿಲ್ಲ ಎಂದು ಹಲ್ಲು ಕಡಿದೆ.

ಬೀಗದವ ಒಳಗೆ ಬಿಟ್ಟ, ಆದರೆ ಕೂರಿ ಎನ್ನಲಿಲ್ಲ. ಯಂತ್ರದ ಹತ್ತಿರ ಬೆನ್ನು ತಿರುಗಿಸಿ ಕೂತ. ಅಕ್ಕ ಮಂಚದ ಅಂಚಿನಲ್ಲಿ ಆ ತಾಯಿಯ ಪಕ್ಕ ಕೂತರು, ಮೇಡಂ ಮೂಲೆಯ ಸ್ಟೂಲಿನಲ್ಲಿ. ಕಂಡಕ್ಟರ್ ನೆಲದ ಮೇಲೇ ಕೂತ. "ಅವತ್ತು ನಿಮ್ಮ ಮನೆ ನೀರಿಗೆ ಅಡ್ಡ ಬಂದು ಒರಟಾಗಿ ನಡ್ಕೊಂಡೆ. ಬೇಜಾರಾಗಿದ್ರೆ ಮನ್ನಿಸಿ" ಎಂದ. ಆಮೇಲೆ ಸುಮ್ಮನಾದ. ಬೀಗದವ ಒಂದು ಕೀಲಿಯನ್ನು ಉಜ್ಜುತ್ತಲೇ ಇದ್ದ. ಅಕ್ಕನ ತುಟಿ ಎರಡು ಸಲ ತೆರೆಯಿತು, ಎರಡು ಸಲವೂ ಮುಚ್ಚಿತು.

ಕೊನೆಗೆ ಬೀಗದವನೇ ತಿರುಗಿದ. ಕಂಡಕ್ಟರ್‌ನನ್ನು ನೋಡಲಿಲ್ಲ, ನೇರ ಅಕ್ಕನನ್ನು ನೋಡಿದ. "ಹೋದ ವರ್ಷ ಅಮ್ಮ ದೊಡ್ಡ ರಸ್ತೆಗೆ ಹೋಗಿ ಲಾರಿ ಮುಂದೆ ನಿಂತಿದ್ಲು. ಆಮೇಲೆ ಬೀಗ ಹಾಕೋಕೆ ಶುರು ಮಾಡಿದೆ. ನೀವು ದೊಡ್ಡೋರು, ನೀವೇ ಹೇಳಿ. ನಾನು ಪಾಪಿನಾ?"

ಅಕ್ಕನಿಗೆ ಇದಕ್ಕೆ ಉತ್ತರ ಗೊತ್ತು. ಇಂಥ ಎಷ್ಟು ಜನರ ಕೈ ಹಿಡಿದು ಉತ್ತರ ಹೇಳಿಲ್ಲ ಅವರು! ಹೇಳಿದರೆ ಭೇಟಿ ಮತ್ತೆ ಅಕ್ಕನದಾಗುತ್ತದೆ, ಪರೀಕ್ಷೆ ಹೋಗುತ್ತದೆ. ಹೇಳದಿದ್ದರೆ ಎದುರಿಗಿರುವವನು ಒಡೆದುಹೋಗುತ್ತಾನೆ. ಅಕ್ಕ ಅವನನ್ನು ನೋಡಿದರು, ಕಂಡಕ್ಟರ್‌ನನ್ನು ನೋಡಿದರು. ಆಮೇಲೆ ಮೆತ್ತಗೆ ಕೇಳಿದರು.

"ಒಂದು ಲೋಟ ನೀರು ಕೊಡ್ತೀರಾ?"

ಕಂಡಕ್ಟರ್ ಕೈ ಚೀಲಕ್ಕೆ ಹೋಯಿತು! ಬೇಡವೋ, ಬೇಡವೋ ಎಂದು ನಾನು ವ್ಯಾನ್ ಒಳಗೇ ಒದ್ದಾಡಿದೆ. ಅವನ ಕೈ ಬಾಟ್ಲಿಯ ಮುಚ್ಚಳ ಮುಟ್ಟಿತು, ಅದನ್ನು ಒಳಕ್ಕೆ ಒತ್ತಿತು, ಚೀಲವನ್ನು ಮಂಚದ ಕೆಳಗೆ ತಳ್ಳಿತು. "ನಾನೂ ಬರ್ಲಾ? ಲೋಟ ಹಿಡ್ಕೊಳ್ತೀನಿ" ಎಂದು ಎದ್ದು ಬೀಗದವನ ಹಿಂದೆಯೇ ಅಡುಗೆಮನೆಗೆ ಹೋದ.

ನೀರು ಬರಲಿಲ್ಲ. ಒಳಗಿಂದ ಗುಸುಗುಸು. ಒಮ್ಮೆ ಯಾರೋ ಬಿಕ್ಕಿದ ಸದ್ದು. ಅಕ್ಕನಿಗೆ ಏನೂ ಕಾಣುತ್ತಿಲ್ಲ, ಮಾತು ತಿಳಿಯುತ್ತಿಲ್ಲ. ಆ ತಾಯಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದರು. ನಾನಾಗಿದ್ದರೆ ಎದ್ದು ಹೋಗಿ ಇಣುಕುತ್ತಿದ್ದೆ, ಖಂಡಿತ. ಅಕ್ಕ ಏಳಲಿಲ್ಲ.

ಕೊನೆಗೂ ಬಂದರು. ಬೀಗದವನ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ತಟ್ಟೆ ತುಂಬ ನೀರಿನ ಲೋಟ. ನನಗೂ ಒಂದು ತಂದುಕೊಟ್ಟ! ಹಗಲು ಹೊತ್ತು ಇಂಥ ಹಿರಿಯರನ್ನು ನೋಡಿಕೊಳ್ಳುವ ಒಂದು ಕೇಂದ್ರವಿದೆಯೆಂದು ಕಂಡಕ್ಟರ್ ಒಳಗೆ ಹೇಳಿದ್ದನಂತೆ, ಅದನ್ನು ಮೊದಲು ತಾನೊಬ್ಬನೇ ಬಂದು ನೋಡುತ್ತೇನೆ ಎಂದ. ಅಲ್ಲಿಯ ತನಕ ತನ್ನ ಬಾಗಿಲಿಗೆ ಎರಡನೆಯ ಕೀಲಿ ಕೊರೆದು ಎದುರು ಮನೆ ಟೀಚರ್ ಕೈಗೆ ಕೊಡುತ್ತೇನೆ ಎಂದ. ಊರಿಗೆಲ್ಲ ಕೀಲಿ ಮಾಡಿಕೊಡುವವನು, ತನ್ನ ಮನೆಗೆ ಮಾತ್ರ ಒಂದೇ ಇಟ್ಟುಕೊಂಡಿದ್ದ! ಕಂಡಕ್ಟರ್ ಮಂಚದ ಕೆಳಗಿನ ಚೀಲ ಎತ್ತಿಕೊಂಡು ಬಂದ, ನಾವು ಹೊರಡುವಾಗ ಯಂತ್ರದ ಕರಕರ ಆಗಲೇ ಶುರುವಾಗಿತ್ತು.

ಗೆದ್ದೆವು ಎಂದುಕೊಂಡೆ. ಓಣಿಯ ತುದಿ ತಲುಪಿರಲಿಲ್ಲ, ಪ್ರಶ್ನೆ ಮೇಡಂ ಅಕ್ಕನನ್ನು ಕೇಳಿದರು, "ಒಳಗೆ ಏನಾಯ್ತು ಅಂತ ನಿಮಗೆ ಗೊತ್ತಾ?"

"ಇಲ್ಲ."

"ಮತ್ತೆ ಇವರನ್ನ ಹೇಗೆ ಅಳೀತೀರಿ?"

"ಕೇಳ್ತೀನಿ" ಎಂದು ಅಕ್ಕ ಕಂಡಕ್ಟರ್ ಕಡೆ ತಿರುಗಿದರು. "ಕೀಲಿ ಕೊಡೋಕೆ ಅವನು ಹೇಗೆ ಒಪ್ಪಿದ?"

ಕಂಡಕ್ಟರ್ ಉಬ್ಬಿಹೋಗಿದ್ದ. "ಅಮ್ಮನ್ನ ಎತ್ಕೊಂಡು ಹೋಗಿಬಿಡ್ತಾರೆ ಅಂತ ಭಯ ಅಕ್ಕಾ ಅವನಿಗೆ. ಯಾರೂ ಯಾವತ್ತೂ ಕರ್ಕೊಂಡು ಹೋಗಲ್ಲ, ಅದಕ್ಕೆ ನಾನು ಗ್ಯಾರಂಟಿ ಅಂದೆ. ಒಪ್ಪಿಬಿಟ್ಟ!"

ಅಕ್ಕನ ಮುಖ ಇಳಿಯಿತು. ಈಗ ಬಾಯಿಬಿಟ್ಟರೆ ಕಂಡಕ್ಟರ್ ತಪ್ಪಿದ ಎಂದು ಮೇಡಂ ಮುಂದೆಯೇ ಒಪ್ಪಿಕೊಂಡ ಹಾಗೆ. ಬಿಡಿ ಅಕ್ಕಾ, ಆಮೇಲೆ ನೋಡಿಕೊಳ್ಳೋಣ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಮಿಕ್ಕಿದ್ದೆಲ್ಲ ಚೆನ್ನಾಗಿ ಮಾಡಿದ್ರಿ" ಎಂದರು ಅಕ್ಕ. "ನೀರಿನ ಹಿಂದೆ ಎದ್ದು ಹೋದ್ರಲ್ಲ, ಅದು ನನಗೂ ಹೊಳೀತಿರಲಿಲ್ಲ. ಆದ್ರೆ ಈ ಮಾತು ತಪ್ಪು. ನಾಳೆ ಆಕೆಗೆ ಕಾಯಿಲೆ ಜಾಸ್ತಿಯಾದ್ರೆ? ಅವನೇ ಹಾಸಿಗೆ ಹಿಡಿದ್ರೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾವು ಯಾವ ಮಾತು ಕೊಡಬಹುದು? ನೀವೇ ಹೇಳಿ."

ಕಂಡಕ್ಟರ್ ಚೀಲದ ಪಟ್ಟಿ ತಿರುಚುತ್ತ ಹೇಳಿದ. "ಅವನಿಗೆ ಹೇಳದೆ, ಅವನನ್ನ ಕೂರಿಸ್ಕೊಂಡು ಮಾತಾಡದೆ ಏನೂ ಮಾಡಲ್ಲ. ಅಷ್ಟೇ ಕೊಡಬಹುದು."

"ಹೋಗಿ ಹೇಳಿ ಬನ್ನಿ."

"ಈಗ್ಲೇನಾ? ಕೀಲಿ ಕೊಡಲ್ಲ ಅಂದುಬಿಟ್ರೆ?"

"ಅಂದ್ರೆ ಅನ್ನಲಿ. ಸುಳ್ಳಿನ ಮೇಲೆ ಕೊಟ್ಟ ಕೀಲಿ ನಮಗೆ ಬೇಡ."

ವ್ಯಾನ್ ಹಿಂದಕ್ಕೆ ತಗೊಂಡೆ. ಕಂಡಕ್ಟರ್ ಇಳಿದು ಆ ಹೊಸ್ತಿಲು ದಾಟಿದ. ಅಕ್ಕನ ಕೈ ವ್ಯಾನಿನ ಬಾಗಿಲ ಹಿಡಿಯ ಮೇಲಿತ್ತು. "ನೀವು ಹೋಗಲ್ವಾ?" ಎಂದು ಕೇಳಿದರು ಪ್ರಶ್ನೆ ಮೇಡಂ. ಅಕ್ಕ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇಲ್ಲ. ನಾನು ಇಲ್ಲೇ ಇರ್ತೀನಿ, ಅದು ಅವರಿಗೆ ಗೊತ್ತು. ಸಾಕು."

ಯಂತ್ರದ ಕರಕರ ನಿಂತಿತು. ಬೀಗದವನ ದನಿ ಒಮ್ಮೆ ಜೋರಾಯಿತು, ಆಮೇಲೆ ಕಂಡಕ್ಟರ್ ದನಿ, ತಗ್ಗಿದ ದನಿ, ಆಮೇಲೆ ಅದೂ ಇಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು. ಹೋಯಿತು, ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದು ನಾನು ಹಣೆ ಚಚ್ಚಿಕೊಂಡೆ.

ಕರಕರ, ಕರಕರ. ಯಂತ್ರ ಮತ್ತೆ ಶುರುವಾಯಿತು!

ನಾನು ಹಾರ್ನ್ ಹೊಡೆದೇಬಿಟ್ಟೆ. ಎದುರು ಮನೆ ಟೀಚರ್ ಹೆದರಿ ಹೊರಗೆ ಓಡಿ ಬಂದರು. ಕಂಡಕ್ಟರ್ ಬಂದವನೇ ತಗಡಿಗೆ ಎರಡು ಬಡಿದು, ಎರಡು ಬೀದಿಗೆ ಕೇಳುವ ಹಾಗೆ "ರೈಟ್!" ಎಂದು ಕೂಗಿದ. ಈ ಸಲ ನನಗೆ ಕೋಪ ಬರಲಿಲ್ಲ. ಪ್ರಶ್ನೆ ಮೇಡಂ ಅಕ್ಕನ ಕೈ ಹಿಡಿದು, "ನೀವು ಗುರು ಆದ್ರಿ" ಎಂದರು. ಅಷ್ಟು ದಿನದಲ್ಲಿ ಅವರ ಬಾಯಿಂದ ಪ್ರಶ್ನೆಯಲ್ಲದ ಮಾತು ನಾನು ಕೇಳಿದ್ದು ಅದೊಂದೇ.

ಅಕ್ಕ ಉತ್ತರ ಕೊಡಲು ಬಾಯಿ ತೆರೆದರು, ದನಿ ಹೊರಡಲಿಲ್ಲ. ಗಂಟಲು ಒಣಗಿಹೋಗಿತ್ತು. "ಕಂಡಕ್ಟರೇ, ಆ ನಿಮ್ಮ ಬಾಟ್ಲಿ ಎಲ್ಲಿ?" ಎಂದು ಹೇಗೋ ಕೇಳಿದರು. "ನಿಜವಾಗ್ಲೂ ಬಾಯಾರಿದೆ."

ಅವನು ಕೊಟ್ಟ. ಅಕ್ಕ ಒಂದೇ ಉಸಿರಿಗೆ ಅಷ್ಟನ್ನೂ ಕುಡಿದು ಮುಗಿಸಿದರು.